ವಾರ್ಡಲ್ಲಿ ಏನಾದ್ರೂ ಆದ್ರೆ ಮೊದಲ ಮೆಮೊ ಯಾವಾಗ್ಲೂ ಅಟೆಂಡರ್‌ಗೇ ಯಾಕೆ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಾನು ಪಿಎಸ್‌ಡಬ್ಲ್ಯೂ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ), ಮಾನಸಿಕ ಕಾಯಿಲೆ ಇರೋರ ಪುನರ್ವಸತಿ ಕೇಂದ್ರ ಒಂದ್ರಲ್ಲಿ ಕೆಲ್ಸ. ಕೇಂದ್ರದ ಹೆಸರು ಊರು ಎರಡೂ ಬೇಡ. ಈ ಫೀಲ್ಡಲ್ಲಿರೋರು ಇಲ್ಲಿ ತುಂಬಾ ಜನ ಇದೀರ ಅಂತ ಕೇಳ್ತಿದೀನಿ.

ಒಂದು ಭಾನುವಾರ ರಾತ್ರಿ ಗಂಡಸರ ವಾರ್ಡಲ್ಲಿ ಒಬ್ರು ಸಿಸ್ಟರ್, ಒಬ್ಬ ಅಟೆಂಡರ್ ಅಷ್ಟೇ. ಇನ್ನೊಬ್ಬ ಅಟೆಂಡರ್‌ನ ಅಡುಗೆಮನೆ ಕಡೆ ಹಾಕಿದ್ರು, ಅಲ್ಲಿ ಜನ ಇರ್ಲಿಲ್ಲ ಅಂತ. ಮಧ್ಯರಾತ್ರಿ ದಾಟಿದ್ಮೇಲೆ ಒಬ್ರು ನಿವಾಸಿ ತುಂಬಾ ಗಾಬರಿಯಾಗಿ ತಲೆ ಗೋಡೆಗೆ ಚಚ್ಕೊಳ್ಳೋಕೆ ಶುರು ಮಾಡಿದ್ರು, ಪಕ್ಕದ ಬೆಡ್ಡಿನವ್ರು ಎದ್ದು ಕೂಗಾಡೋಕೆ ಶುರು ಮಾಡಿದ್ರು, ಆನ್‌ಕಾಲ್ ಡಾಕ್ಟ್ರ ಫೋನ್ ರಿಂಗಾಯ್ತು ಎತ್ಲಿಲ್ಲ, ಸಿಸ್ಟರ್ ಒಬ್ರೇ ಎಷ್ಟು ಅಂತ ನೋಡ್ತಾರೆ, ಕೊನೆಗೆ ಆ ಅಟೆಂಡರ್ ಬೆಡ್‌ಶೀಟ್ ಸುತ್ತಿ ಅವ್ರ ಎರಡೂ ಕೈ ಮಂಚಕ್ಕೆ ಕಟ್ಟಿದ್ರು. ಬೆಳಿಗ್ಗೆ ಶಿಫ್ಟ್ ಬಂದಾಗ್ಲೂ ಬಿಚ್ಚಿರ್ಲಿಲ್ಲ. ಮಣಿಕಟ್ಟು ಕೆಂಪಗೆ ಊದ್ಕೊಂಡಿತ್ತು. ಅದು ತಪ್ಪೇ, ಅದ್ರಲ್ಲಿ ನಂಗೆ ಎರಡು ಮಾತಿಲ್ಲ.

ಆದ್ರೆ ಬೆಳಿಗ್ಗೆ ಆಡಳಿತದವ್ರು ಬಂದು ಕೇಳಿದ ಮೊದಲ ಮಾತು "ಯಾರು ಕಟ್ಟಿದ್ದು?" ಎಷ್ಟು ಜನ ಡ್ಯೂಟೀಲಿದ್ರಿ, ಡಾಕ್ಟ್ರು ಯಾಕೆ ಸಿಗ್ಲಿಲ್ಲ, ಆ ನಿವಾಸಿ ಈಗ ಹೆಂಗಿದಾರೆ, ಇದ್ಯಾವುದನ್ನೂ ಯಾರೂ ಕೇಳ್ಲಿಲ್ಲ. ಮಧ್ಯಾಹ್ನದೊಳಗೆ ಅಟೆಂಡರ್ ಕೈಗೆ ಕಾರಣ ಕೇಳಿ ನೋಟಿಸ್, ಸಿಸ್ಟರ್‌ಗೆ ಮೌಖಿಕ ಎಚ್ಚರಿಕೆ. ಅಲ್ಲಿಗೆ ಫೈಲ್ ಕ್ಲೋಸ್.

ಅವತ್ತಿಂದ ಏನಾಗಿದೆ ಅಂದ್ರೆ ನಮ್ಮ ಘಟನೆ ರಿಜಿಸ್ಟರ್‌ನಲ್ಲಿ ದಿನಾ "ನಿಲ್". ಪುಟಗಟ್ಟಲೆ ನಿಲ್, ನಿಲ್, ನಿಲ್, ಕೆಳಗೆ ಸಹಿ. ಒಬ್ರು ಬಾತ್‌ರೂಮಲ್ಲಿ ಜಾರಿಬಿದ್ದು ಮೊಣಕೈ ತರಚಿಕೊಂಡಿದ್ದು ನಾನೇ ನೋಡಿದೀನಿ, ಅವತ್ತೂ ನಿಲ್. ಮೇಲಿನವ್ರು ಮೀಟಿಂಗಲ್ಲಿ "ನೋಟಿಸ್ ಕೊಟ್ಮೇಲೆ ಶಿಸ್ತು ಬಂತು, ಘಟನೆಗಳೇ ನಿಂತ್ಹೋದ್ವು" ಅಂತಾರೆ. ನಂಗೆ ಭಯ ಆಗ್ತಿರೋದು ಅದಕ್ಕೇ. ನಿಮ್ಮ ಕಡೆ ಇದನ್ನ ಹೆಂಗೆ ನಿಭಾಯಿಸ್ತೀರ?

ಕಾನೂನು_ಓದು:
ಮೇಡಂ, ನಾನು ವಕೀಲ, ಒಂದಷ್ಟು ಮಾನಸಿಕ ಆರೋಗ್ಯದ ಕೇಸ್ ನೋಡಿದೀನಿ. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2017ರ ಸೆಕ್ಷನ್ 97 ಒಂದ್ಸಲ ತೆಗೆದು ಓದಿ. ಕಟ್ಟಿಹಾಕೋದು ಅಂದ್ರೆ ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿನೇ ಇಲ್ಲದಾಗ ಮಾತ್ರ, ಅದೂ ಚಿಕಿತ್ಸೆ ನೋಡ್ಕೊಳ್ತಿರೋ ಮನೋವೈದ್ಯರ ಒಪ್ಪಿಗೆ ಮೇಲೆ, ಅಪಾಯ ಕಳೆಯೋವರೆಗೆ ಎಷ್ಟು ಬೇಕೋ ಅಷ್ಟೇ ಹೊತ್ತು. ಶಿಕ್ಷೆಯಾಗಿ ಕಟ್ಟೋ ಹಾಗಿಲ್ಲ. ಇಷ್ಟು ಎಲ್ರಿಗೂ ಗೊತ್ತು. ಯಾರೂ ಓದದ ಒಂದು ಸಾಲು ಅದ್ರಲ್ಲೇ ಇದೆ: ಸಿಬ್ಬಂದಿ ಕೊರತೆ ಇದೆ ಅನ್ನೋ ಕಾರಣಕ್ಕೇ ಸಂಸ್ಥೆ ಯಾರನ್ನೂ ಕಟ್ಟಿಹಾಕೋ ಹಾಗಿಲ್ಲ.

ಈ ಸಾಲು ಯಾರಿಗೆ ಹೇಳಿದ್ದು ಅಂತ ಯೋಚ್ನೆ ಮಾಡಿ. ರೋಸ್ಟರ್ ಹಾಕೋದು ಅಟೆಂಡರ್ ಅಲ್ಲ. ಭಾನುವಾರ ರಾತ್ರಿ ಒಬ್ನನ್ನ ಅಡುಗೆಮನೆಗೆ ಕಳ್ಸಿದ್ದೂ ಅವ್ನಲ್ಲ.

ಇನ್ನೊಂದು, ಯಾಕೆ ಕಟ್ಟಿದ್ರು, ಹೆಂಗೆ ಕಟ್ಟಿದ್ರು, ಎಷ್ಟು ಹೊತ್ತು ಅಂತ ಕೂಡ್ಲೇ ದಾಖಲಾಗೋ ಹಾಗೆ ನೋಡ್ಕೊಳ್ಳೋ ಹೊಣೆನ ಕಾಯ್ದೆ ಹೊರಿಸಿರೋದು ವೈದ್ಯಾಧಿಕಾರಿ ಅಥವಾ ಉಸ್ತುವಾರೀಲಿರೋ ಮಾನಸಿಕ ಆರೋಗ್ಯ ವೃತ್ತಿಪರರ ಮೇಲೆ. 24 ಗಂಟೆಯೊಳಗೆ ಆ ವ್ಯಕ್ತಿಯ ನಾಮನಿರ್ದೇಶಿತ ಪ್ರತಿನಿಧಿಗೆ (ಅವ್ರ ಪರವಾಗಿ ಗೊತ್ತು ಮಾಡಿರೋರು, ಹೆಚ್ಚಾಗಿ ಮನೆಯವ್ರು) ತಿಳಿಸ್ಬೇಕು, ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ (ರೋಗಿಗಳ ಹಕ್ಕು ಕಾಯೋ ಮಂಡಳಿ) ಹೋಗೋ ವರದೀಲಿ ಇಂಥ ಎಲ್ಲಾ ಪ್ರಕರಣ ಸೇರಿಸ್ಬೇಕು. ನಿಮ್ಮಲ್ಲಿ ಅವತ್ತಿನ ಘಟನೆ ಆ ವರದೀಲಿ ಹೋಯ್ತಾ?

ತುಂಗಾತೀರ:
ಇಲ್ಲ ಸರ್. ಮನೆಯವ್ರಿಗೂ ನಾನು ಹಠ ಹಿಡಿದ್ಮೇಲೆ ಹೇಳಿದ್ದು, ಅದೂ "ಸ್ವಲ್ಪ ಗಲಾಟೆ ಆಯ್ತು" ಅಂತ.

ಹಳೇ_ವಾರ್ಡ್_ಸಿಸ್ಟರ್:
ನಾನು ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯಕೀಯ ವಾರ್ಡುಗಳಲ್ಲೇ ಸರ್ವಿಸ್ ಮುಗಿಸಿ ರಿಟೈರಾದವಳು. ಮಗಳೇ, ನಿನ್ನ ರಿಜಿಸ್ಟರ್ ವಿಷ್ಯ ಓದಿ ಎದೆ ಝಲ್ ಅಂತು. ಖಾಲಿ ರಿಜಿಸ್ಟರ್ ಇರೋ ವಾರ್ಡಿಗೆ ನಾನು ಯಾವತ್ತೂ ಹೆದರ್ತಿದ್ದೆ. ಮನೋವೈದ್ಯಕೀಯ ವಾರ್ಡಲ್ಲಿ ವಾರಗಟ್ಟಲೆ ಏನೂ ಆಗ್ಲೇ ಇಲ್ಲ ಅನ್ನೋದು ಸಾಧ್ಯನೇ ಇಲ್ಲ. ಒಬ್ರು ಮಾತ್ರೆ ಉಗೀತಾರೆ, ಒಬ್ರು ಗೇಟ್ ಹತ್ರ ಹೋಗ್ತಾರೆ, ಇಬ್ರಿಗೆ ಹೊಡೆದಾಟ ಆಗುತ್ತೆ. ಬರೆದಿಲ್ಲ ಅಂದ್ರೆ ಮುಚ್ಚಿಟ್ಟಿದಾರೆ ಅಂತಾನೇ ಲೆಕ್ಕ.

ನಾನು ಕಂಡ ಒಬ್ರು ಸೂಪರಿಂಟೆಂಡೆಂಟ್ ಇದ್ರು, ಮನೋವೈದ್ಯರು. ಅವ್ರದ್ದು ಒಂದೇ ನಿಯಮ. ಅದೇ ಶಿಫ್ಟಲ್ಲಿ ಬರೆದ್ರೆ ವಿಚಾರಣೆ ಇರುತ್ತೆ, ಮೆಮೊ ಇರಲ್ಲ. ಬರೀದೇ ಇದ್ದು ಆಮೇಲೆ ಗೊತ್ತಾದ್ರೆ ಮೆಮೊ ಗ್ಯಾರಂಟಿ, ಅದು ಡಾಕ್ಟ್ರಾಗ್ಲಿ ಡಿ ಗ್ರೂಪ್ ಆಗ್ಲಿ. ರೋಗಿಗೆ ಹೊಡೆದೋರಿಗೆ ಮಾತ್ರ ಈ ನಿಯಮದ ರಕ್ಷಣೆ ಇರ್ಲಿಲ್ಲ, ಅದನ್ನೂ ಮೊದಲೇ ಹೇಳಿದ್ರು. ಶುರುವಲ್ಲಿ ಯಾರೂ ನಂಬ್ಲಿಲ್ಲ. ಒಂದಿನ ನಮ್ಮ ಸಿಸ್ಟರ್ ಒಬ್ರು ತಪ್ಪು ಇಂಜೆಕ್ಷನ್ ಲೋಡ್ ಮಾಡಿ ಕೊಡೋ ಮುಂಚೆ ನೋಡ್ಕೊಂಡು ಬರೆದ್ರು, ಇಡೀ ವಾರ್ಡ್ ಉಸಿರು ಬಿಗಿಹಿಡ್ಕೊಂಡು ನೋಡ್ತಿತ್ತು ಏನ್ಮಾಡ್ತಾರೆ ಅಂತ. ಅವ್ರು ಬಂದು ಟ್ರೇ ತರ್ಸಿ ನೋಡಿದ್ರು. ಎರಡು ಔಷಧಿ ಆಂಪೂಲ್ ಒಂದೇ ಥರ, ಒಂದೇ ಖಾನೆಲಿ ಇತ್ತು. ಅವತ್ತೇ ಖಾನೆ ಬೇರೆ ಮಾಡ್ಸಿದ್ರು, ಸಿಸ್ಟರ್‌ಗೆ ಒಂದು ಮಾತೂ ಅನ್ಲಿಲ್ಲ. ಆ ಮೇಲೆ ಜನ ಬರೆಯೋಕೆ ಶುರು ಮಾಡಿದ್ರು.

ಇನ್ನೊಂದು ಕೇಳ್ತೀನಿ. ನಿಮ್ಮ ಮೀಟಿಂಗಲ್ಲಿ ಅಟೆಂಡರ್‌ಗಳು ಎಲ್ಲಿ ಕೂರ್ತಾರೆ?

ತುಂಗಾತೀರ:
ಸಿಸ್ಟರ್… ಕೂರಲ್ಲ. ಗೋಡೆ ಹತ್ರ ನಿಂತ್ಕೊಂಡಿರ್ತಾರೆ. ನೀವು ಕೇಳೋವರೆಗೂ ಅದು ನನ್ನ ತಲೆಗೇ ಹೊಳೆದಿರ್ಲಿಲ್ಲ.

ಹಳೇ_ವಾರ್ಡ್_ಸಿಸ್ಟರ್:
ಗೊತ್ತಿತ್ತು. ಅರ್ಧಕ್ಕರ್ಧ ಕಡೆ ಹಂಗೇ. ದಿನದಲ್ಲಿ ರೋಗಿ ಜೊತೆ ಅತಿ ಹೆಚ್ಚು ಹೊತ್ತು ಇರೋನು ಅಟೆಂಡರ್. ಯಾರು ನಿದ್ದೆ ಮಾಡಿಲ್ಲ, ಯಾರು ಊಟ ಬಿಟ್ಟಿದಾರೆ, ಯಾರಿಗೆ ಇವತ್ತು ಮನೆ ಫೋನ್ ಬರ್ಲಿಲ್ಲ ಅಂತ ಸಿಟ್ಟಿದೆ, ಎಲ್ಲಾ ಅವ್ನಿಗೇ ಮೊದ್ಲು ಗೊತ್ತಾಗೋದು. ಅವ್ನನ್ನ ಗೋಡೆಗೆ ನಿಲ್ಸಿ "ಏನಾದ್ರೂ ಹೇಳೋದಿದ್ಯಾ" ಅಂದ್ರೆ ಏನ್ ಹೇಳ್ತಾನೆ. ಬೆಳಗಿನ ಹ್ಯಾಂಡೋವರ್‌ನಲ್ಲಿ ಅವ್ನಿಗೊಂದು ಕುರ್ಚಿ ಹಾಕಿ, ಡಾಕ್ಟ್ರು ಮಾತಾಡೋಕೆ ಮುಂಚೆ ಅವ್ನನ್ನ ಕೇಳ್ಲಿ. ದುಡ್ಡೇನೂ ಖರ್ಚಾಗಲ್ಲ.

ಹುಬ್ಬಳ್ಳಿ_ಮಂದಿ:
ನಾ ಡಿಎಂಎಚ್‌ಪಿ (ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ) ಒಳಗ ನರ್ಸ್ ಅದೀನ್ರಿ, ಗುತ್ತಿಗಿ ಮ್ಯಾಲೆ. ನಮ್ಮದು ಆಸ್ಪತ್ರಿ ವಾರ್ಡ್ ಅಲ್ಲ, ಜಿಲ್ಲಾದ ತುಂಬ ಅಡ್ಡಾಡೋ ಕೆಲ್ಸ, ಮಂಗಳವಾರ ತಾಲೂಕಿನಾಗ ಮನೋಚೈತನ್ಯ (ಮಾನಸಿಕ ಆರೋಗ್ಯ ತಪಾಸಣಿ) ಕ್ಯಾಂಪು. ಆದ್ರ ಕಥಿ ಒಂದ ಐತಿ.

ಮಾರ್ಚ್ ಬಂತಂದ್ರ ನಮ್ಮ ಮಂದಿ ಬಾಯಿ ಬಂದ್ ಆಗತೈತ್ರಿ. ಕಾಂಟ್ರ್ಯಾಕ್ಟ್ ರಿನ್ಯೂ ಆಗೋ ಟೈಮ್. ಗುಳಿಗಿ ಸ್ಟಾಕ್ ಇಲ್ಲ ಅಂತ ಹೇಳಂಗಿಲ್ಲ, ಗಾಡಿ ಬ್ಯಾರೆ ಪ್ರೋಗ್ರಾಮಿಗೆ ಒಯ್ದ್ರು ಅಂತ ಹೇಳಂಗಿಲ್ಲ, ಹೇಳಿದ್ರ "ಇವಂದು ಭಾಳ ಆತು" ಅಂತಾರ. ರಿವ್ಯೂ ಮೀಟಿಂಗನ್ಯಾಗ ಕೇಳೋದು ಒಂದ: ಈ ತಿಂಗಳಾ ಎಷ್ಟು ಮಂದಿ ನೋಡಿದ್ರಿ? ಹೋದ ತಿಂಗಳ ಬಂದಾವರು ಈ ತಿಂಗಳ ಯಾಕ ಬರ್ಲಿಲ್ಲ ಅಂತ ಕೇಳಿದ್ದು ನಾ ಕೇಳಿಲ್ಲ. ನಂಬರ್ ಬೇಕು ಅಂದ್ರ ನಂಬರ್ ಸಿಗತಾವ್ರಿ, ಮಂದಿ ಆರಾಮ ಆಗ್ತಾರೋ ಇಲ್ಲೋ ಅದು ಬ್ಯಾರೆ ಮಾತು.

ನಮಗ ಹೊಟ್ಟಿ ಉರಿಯೂದು ಯಾಕಂದ್ರ, ಈ ಡಿಎಂಎಚ್‌ಪಿ ಹುಟ್ಟಿದ್ದ ನಮ್ಮ ಕಡೆ, ಬಳ್ಳಾರಿಯೊಳಗ. ನಿಮ್ಹಾನ್ಸ್‌ನವರು ಮೊದಲ ಬೆಂಗಳೂರು ಹತ್ರದ ಸಕಲವಾರದಾಗ ಹಳ್ಳಿ ಮಟ್ಟದಾಗ ಮಾಡಿ ನೋಡಿ, 1985ಕ್ಕ ಬಳ್ಳಾರಿ ಜಿಲ್ಲಾಕ್ಕ ತಂದ್ರು. ಪಿಎಚ್‌ಸಿ ಡಾಕ್ಟ್ರಿಗೆ, ಹೆಲ್ತ್ ವರ್ಕರ್ಸಿಗೆ ಟ್ರೇನಿಂಗ್ ಕೊಟ್ಟು, ಕೆಲವ ಕೆಲವು ಬೇಕಾದ ಔಷಧ ಹಳ್ಳಿಗೆ ಮುಟ್ಟಿಸಿ, ಇಷ್ಟರಾಗ ಆಗತೈತಿ ಅಂತ ತೋರ್ಸಿದ್ರು. ಅದನ್ನ ನೋಡಿನ 1996ಕ್ಕ ಕೇಂದ್ರ ಸರ್ಕಾರ ದೇಶದ ನಾಕು ಜಿಲ್ಲಾದಾಗ ಶುರು ಮಾಡ್ತು. ಅಂದ್ರ ತಳದಾಗ ಕೆಲ್ಸ ಮಾಡೋ ಮಂದೀನ ನಂಬಿದ್ದಕ್ಕ ಹುಟ್ಟಿದ ಯೋಜನಾ ಇದು. ಈಗ ಅದ ಮಂದಿ ಬಾಯಿ ತೆಗೀಲಿಕ್ಕೆ ಹೆದರ್ತಾರ.

ಒಬ್ರು ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಸಾಹೇಬ್ರು ಬಂದಿದ್ರರಿ, ಮೀಟಿಂಗ್ ಶುರು ಆದ ಕೂಡ್ಲೇ "ಯಾವ ಗುಳಿಗಿ ಇಲ್ಲ ಹೇಳ್ರಿ ಮೊದಲ" ಅಂತಿದ್ರು. ಎರಡ ತಿಂಗಳಿಗೆ ನಮ್ಮ ಮಂದಿ ಚೀಟಿ ಬರಕೊಂಡ ಬರಾಕ ಹತ್ತಿದ್ರು. ಅವರಿಗೆ ವರ್ಗ ಆತು, ಚೀಟಿನೂ ನಿಂತ್ವು.

ಕಡಲೂರು_ಟು_ಲೀಡ್ಸ್:
ನಾನು ದಕ್ಷಿಣ ಕನ್ನಡದವಳು, ಮಂಗಳೂರಲ್ಲಿ ನರ್ಸಿಂಗ್ ಓದಿದ್ದು, ಈಗ ಇಂಗ್ಲೆಂಡಲ್ಲಿ ಮೆಂಟಲ್ ಹೆಲ್ತ್ ಯೂನಿಟಲ್ಲಿ ಕೆಲಸ. ಇಲ್ಲಿ ಎಲ್ಲಾ ಸರಿ ಉಂಟು ಅಂತ ಹೇಳ್ಲಿಕ್ಕೆ ಬಂದದ್ದಲ್ಲ, ದಯವಿಟ್ಟು ಹಾಗೆ ತಿಳ್ಕೊಳ್ಬೇಡಿ.

ಬ್ರಿಸ್ಟಲ್ ಹತ್ರ ವಿಂಟರ್‌ಬೋರ್ನ್ ವ್ಯೂ ಅಂತ ಒಂದು ಖಾಸಗಿ ಆಸ್ಪತ್ರೆ ಇತ್ತು, ಕಲಿಕಾ ನ್ಯೂನತೆ, ಆಟಿಸಂ ಇದ್ದವ್ರಿಗೆ. ಸಿಬ್ಬಂದಿ ರೋಗಿಗಳಿಗೆ ಹಿಂಸೆ ಕೊಡ್ತಿದ್ದಾರೆ ಅಂತ ಅಲ್ಲಿನ ಸೀನಿಯರ್ ನರ್ಸ್ ಒಬ್ರು ಮ್ಯಾನೇಜರ್‌ಗೆ ಹೇಳಿದ್ರು, ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಗೂ ಹೇಳಿದ್ರು, ಯಾರೂ ಕೇಳ್ಲಿಲ್ಲ. ಕೊನೆಗೆ 2011ರಲ್ಲಿ ಬಿಬಿಸಿ ಗುಪ್ತ ಕ್ಯಾಮೆರಾ ಇಟ್ಟು ತೋರಿಸಿದ ಮೇಲೆ ಇಡೀ ದೇಶ ನೋಡಿತು. 11 ಜನ ಸಿಬ್ಬಂದಿಗೆ ಶಿಕ್ಷೆ, ಅದ್ರಲ್ಲಿ 6 ಜನ ಜೈಲಿಗೆ. ಅವ್ರು ಮಾಡಿದ್ದಕ್ಕೆ ಕ್ಷಮೆ ಇಲ್ಲ. ಆದ್ರೆ ಹೇಳಿದ್ದನ್ನ ಕೇಳದೆ ಕೂತ ಮೇಲಿನವ್ರು ಯಾರೂ ಜೈಲಿಗೆ ಹೋಗ್ಲಿಲ್ಲ, ಇದು ನನಗೆ ಇವತ್ತಿಗೂ ಸಮಾಧಾನ ಆಗದ ವಿಷಯ. 2013ರಲ್ಲಿ ಇಲ್ಲಿಯ ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ ಆದ ರೋಗಿಗಳ ಕಡೆಗಣನೆ ಬಗ್ಗೆ ಫ್ರಾನ್ಸಿಸ್ ವರದಿ ಬಂತು, ಅದ್ರಲ್ಲೂ ಹೆಚ್ಚುಕಡಿಮೆ ಇದೇ ಮಾತು: ಗುರಿ, ಹಣಕಾಸು, ಹೆದರಿಕೆ, ಈ ಮೂರರ ನಡುವೆ ರೋಗಿ ಕಳೆದುಹೋದ. ಅದ್ರ ನಂತರ ಸರ್ಕಾರಿ ಆಸ್ಪತ್ರೆ ನಡೆಸುವ ಪ್ರತಿ ಟ್ರಸ್ಟಲ್ಲಿ ಸಿಬ್ಬಂದಿ ಹೆದರದೆ ಹೋಗಿ ಹೇಳ್ಲಿಕ್ಕೆ ಅಂತಲೇ ಒಬ್ರನ್ನ ನೇಮಿಸಿದ್ದಾರೆ. ರೋಗಿಗೆ ಹಾನಿ ಆದ್ರೆ ಅವ್ರಿಗೂ ಮನೆಯವ್ರಿಗೂ ಸತ್ಯ ಹೇಳಿ ಕ್ಷಮೆ ಕೇಳ್ಬೇಕು ಅಂತ ಕಾನೂನೇ ಬಂತು.

ಇಷ್ಟೆಲ್ಲ ಇದ್ರೂ ಹೆದರಿಕೆ ಹೋಗಿಲ್ಲ. ನಮ್ಮ ದೇಶದಿಂದ ಕೇರ್ ವರ್ಕರ್ ವೀಸಾದಲ್ಲಿ ಬಂದವ್ರನ್ನ ನೋಡಿ. ವೀಸಾ ಆ ಕಂಪನಿಗೆ ಕಟ್ಟಿದ್ದು. ಕೆಲಸ ಹೋಯ್ತು ಅಂದ್ರೆ ಸಾಮಾನ್ಯವಾಗಿ 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡುಕ್ಬೇಕು, ಇಲ್ಲದಿದ್ರೆ ವಾಪಸ್. ಊರಲ್ಲಿ ಏಜೆಂಟಿಗೆ ಕೊಟ್ಟ ಸಾಲ ಹಾಗೇ ಉಂಟು. ಅಂಥವ್ರು ಅಜ್ಜಿ ಒಬ್ರ ಬೆನ್ನಲ್ಲಿ ಹುಣ್ಣು ಕಂಡ್ರೆ ಮ್ಯಾನೇಜರ್ ಮೇಲೆ ಕಂಪ್ಲೇಂಟ್ ಕೊಡ್ತಾರಾ? ಹುಬ್ಬಳ್ಳಿಯವ್ರು ಬರೆದ ಮಾರ್ಚ್ ತಿಂಗಳು ಓದುವಾಗ ನನಗೆ ಇವ್ರೇ ನೆನಪಾದ್ರು.

ನಡೆಸೋರ_ಕಷ್ಟ:
ಎಲ್ಲರೂ ಆಡಳಿತದವ್ರನ್ನ ಬೈತಿದೀರಿ, ನನ್ನ ಮಾತೂ ಸ್ವಲ್ಪ ಕೇಳಿ. ನಾನು ಒಂದು ಟ್ರಸ್ಟಿನ ವಸತಿ ಕೇಂದ್ರ ನಡೆಸ್ತೀನಿ. ಅನುದಾನ ತಿಂಗಳಾನುಗಟ್ಟಲೆ ತಡ ಆಗುತ್ತೆ, ಅಷ್ಟರವರೆಗೆ ಸಂಬಳ ನಾನೇ ಸಾಲ ಮಾಡಿ ಕೊಡ್ಬೇಕು. ಅಟೆಂಡರ್‌ಗಳು ಎರಡು ಸಾವಿರ ಜಾಸ್ತಿ ಅಂದ್ರೆ ಸೆಕ್ಯುರಿಟಿ ಕೆಲ್ಸಕ್ಕೆ ಹೋಗ್ತಾರೆ, ಅಲ್ಲಿ ಯಾರೂ ಉಗಿಯಲ್ಲ ಕಚ್ಚಲ್ಲ, ನಾನು ಅವ್ರನ್ನ ದೂರಲ್ಲ. ಹೊಸಬ್ರು ಬಂದು ಕಲಿಯೋ ಹೊತ್ತಿಗೆ ಬಿಟ್ಟುಹೋಗ್ತಾರೆ. ಅದರ ಮೇಲೆ ಒಂದು ಘಟನೆ ಆದ್ರೆ ಪೊಲೀಸ್, ಪತ್ರಕರ್ತರು, ಮನೆಯವ್ರು ಎಲ್ಲಾ ಒಟ್ಟಿಗೆ ಬರ್ತಾರೆ. ನೀವು ಏನು ಕ್ರಮ ತಗೊಂಡ್ರಿ ಅಂತ ಕೇಳ್ತಾರೆ. ನೋಟಿಸ್ ಕೊಟ್ಟಿದ್ರೆ ತೋರ್ಸೋಕೆ ಒಂದು ಕಾಗದ ಇರುತ್ತೆ, ಇಲ್ಲಾಂದ್ರೆ ಮುಚ್ಚಿಹಾಕಿದ್ರು ಅಂತಾರೆ. ಇಡೀ ವ್ಯವಸ್ಥೆ ಕಾಗದ ಕೇಳುತ್ತೆ, ನಾವು ಕಾಗದ ಕೊಡ್ತೀವಿ.

ಹಳೇ_ವಾರ್ಡ್_ಸಿಸ್ಟರ್:
ನಿಮ್ಮ ಕಷ್ಟ ನಿಜ ಸರ್, ಅನುದಾನದ ವಿಷ್ಯದಲ್ಲಿ ನಾನು ನಿಮ್ಮ ಕಡೆನೇ. ಆದ್ರೆ ಕಾಗದ ಬೇಕು ಅಂದ್ರೆ ಬೇರೆ ಕಾಗದವೂ ಇದೆಯಲ್ಲ. ಅವತ್ತಿನ ರೋಸ್ಟರ್ ಪ್ರತಿ, ಎಷ್ಟು ಜನ ಇರ್ಬೇಕಿತ್ತು ಎಷ್ಟಿದ್ರು, ಆನ್‌ಕಾಲ್ ಡಾಕ್ಟ್ರಿಗೆ ಎಷ್ಟೊತ್ತಿಗೆ ಫೋನ್ ಮಾಡಿದ್ರು, ಎತ್ತದೇ ಇದ್ರೆ ಎರಡನೇ ನಂಬರ್ ಯಾರದ್ದು, ಅನುದಾನಕ್ಕೆ ನೀವು ಬರೆದ ಪತ್ರ. ಇದನ್ನ ಮುಂದಿಟ್ರೆ ಕೇಳೋಕೆ ಬಂದವ್ರು ಮೇಲಿನವ್ರನ್ನ ಕೇಳ್ಬೇಕಾಗುತ್ತೆ. ನೋಟಿಸ್ ತೋರ್ಸಿದ್ರೆ ಎಲ್ಲರೂ ಆ ಅಟೆಂಡರ್ ಮುಖ ನೋಡಿ ವಾಪಸ್ ಹೋಗ್ತಾರೆ, ಮುಂದಿನ ತಿಂಗಳೂ ನಿಮಗೆ ಅನುದಾನ ತಡನೇ.

ಕಾನೂನು_ಓದು:
ಸಿಸ್ಟರ್ ಮಾತಿಗೆ ಒಂದು ಹಳೇ ಪ್ರಕರಣ ಸೇರಿಸ್ತೀನಿ. 2010ರ ಆಗಸ್ಟಲ್ಲಿ ಬೆಂಗಳೂರಿನ ಮಾಗಡಿ ರಸ್ತೆ ನಿರಾಶ್ರಿತರ ಕೇಂದ್ರದಲ್ಲಿ, ಜನ ಬೆಗ್ಗರ್ಸ್ ಕಾಲೊನಿ ಅಂತಾರಲ್ಲ ಅಲ್ಲಿ, ಕೆಲವೇ ದಿನಗಳಲ್ಲಿ ಸಾಲುಸಾಲು ಸಾವಾಯ್ತು. ಜಾಗಕ್ಕಿಂತ ಎಷ್ಟೋ ಹೆಚ್ಚು ಜನರನ್ನ ತುಂಬಿದ್ರು, ಅದ್ರಲ್ಲಿ ಮಾನಸಿಕ ಕಾಯಿಲೆ ಇದ್ದೋರೂ ಇದ್ರು. ಸಮಾಜ ಕಲ್ಯಾಣ ಸಚಿವರ ರಾಜೀನಾಮೆವರೆಗೂ ಹೋಯ್ತು. ಅಲ್ಲೂ ಸಾವು ದಿಢೀರ್ ಅಂತ ಆಕಾಶದಿಂದ ಬೀಳ್ಲಿಲ್ಲ. ಇಷ್ಟು ಜನಕ್ಕೆ ಇಷ್ಟು ನೀರು, ಇಷ್ಟು ಶೌಚಾಲಯ, ಇಷ್ಟು ಡಾಕ್ಟ್ರು ಸಾಲಲ್ಲ ಅನ್ನೋದು ಒಳಗೆ ಕೆಲ್ಸ ಮಾಡೋರಿಗೆ ದಿನಾ ಕಣ್ಣಿಗೆ ಕಾಣೋ ಸಂಗತಿ.

2001ರ ಏರ್ವಾಡಿಯಂತೂ ಯಾರೂ ಮರೆಯೋ ಹಾಗಿಲ್ಲ. ತಮಿಳುನಾಡಿನ ಆ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಜನ ಸತ್ರು. ಇವತ್ತು ಕಾಯ್ದೆಯ ಸೆಕ್ಷನ್ 95 ಸರಪಳಿ ಹಾಕೋದನ್ನ ಯಾವ ರೂಪದಲ್ಲೂ ನಿಷೇಧಿಸಿದೆ.

ತಮ್ಮನ_ಅಕ್ಕ:
ನಾನು ಸಿಬ್ಬಂದಿ ಅಲ್ಲ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ, ಬೇರೆ ಬೇರೆ ಕೇಂದ್ರಗಳಲ್ಲಿ ಇದ್ದು ಬಂದಿದಾನೆ. ಇಷ್ಟೊತ್ತು ಓದ್ತಾ ಕೂತಿದ್ದೆ, ಹೇಳ್ದೇ ಇರೋಕಾಗ್ತಿಲ್ಲ.

ಒಂದು ಕೇಂದ್ರ ತುಂಬಾ ಚೆನ್ನಾಗಿತ್ತು ನೋಡೋಕೆ, ಟೈಲ್ಸು, ಗಾರ್ಡನ್ನು. ಯಾವಾಗ ಫೋನ್ ಮಾಡಿದ್ರೂ "ಆರಾಮಾಗಿದಾರೆ ಮೇಡಂ". ಹಬ್ಬಕ್ಕೆ ಮನೆಗೆ ಕರ್ಕೊಂಡ್ ಬಂದು ಸ್ನಾನಕ್ಕೆ ನೀರು ಹಾಕ್ವಾಗ ಬೆನ್ನ ಮೇಲೆ ಹಳೇ ಗಾಯದ ಕಲೆ ಕಾಣಿಸ್ತು. ಕೇಳಿದ್ರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನೊಂದು ಕೇಂದ್ರ ಹಳೇ ಕಟ್ಟಡ, ಮಳೆ ಬಂದ್ರೆ ಸೋರುತ್ತೆ. ಅಲ್ಲಿಂದ ಒಂದಿನ ಬೆಳಿಗ್ಗೆ ಏಳಕ್ಕೇ ಸಿಸ್ಟರ್ ಅವ್ರಾಗಿ ಫೋನ್ ಮಾಡಿದ್ರು, "ಅಮ್ಮಾ, ರಾತ್ರಿ ನಿಮ್ಮ ತಮ್ಮ ಮೆಟ್ಟಿಲಲ್ಲಿ ಬಿದ್ರು, ಹಣೆಗೆ ಹೊಲಿಗೆ ಹಾಕ್ಸಿದೀವಿ, ನಮ್ಮ ಲೈಟ್ ಕೆಟ್ಟಿತ್ತು, ತಪ್ಪು ನಮ್ಮದು" ಅಂದ್ರು. ನಾನು ಅಳ್ತಾ ಅಳ್ತಾನೇ ಅಂದ್ಕೊಂಡೆ, ಇವ್ನು ಇಲ್ಲೇ ಇರ್ಲಿ ಅಂತ. ಈಗ್ಲೂ ಅಲ್ಲೇ ಇದಾನೆ.

ಆ ಸಿಸ್ಟರ್ ಲೈಟ್ ವಿಷ್ಯ ನನಗೆ ಹೇಳೋಕೆ ಧೈರ್ಯ ಮಾಡಿದಾರೆ ಅಂದ್ರೆ ಅವ್ರ ಮೇಲಿನವ್ರು ಅವ್ರನ್ನ ಬೈಯಲ್ಲ ಅಂತ ಗೊತ್ತಿತ್ತು ಅಂತಾನೇ ಅಲ್ವಾ? ನಮ್ಮಂಥ ಮನೆಯವ್ರಿಗೆ ಅದೊಂದೇ ಭರವಸೆ. ತುಂಗಾತೀರ ಅವ್ರೇ, ನಿಮ್ಮ ಕೇಂದ್ರದಲ್ಲಿ ಆ ನಿವಾಸಿಯ ಮನೆಯವ್ರಿಗೆ ದಯವಿಟ್ಟು ಪೂರ್ತಿ ಸತ್ಯ ಹೇಳ್ಸಿ.

ಕಡಲೂರು_ಟು_ಲೀಡ್ಸ್:
ಅಕ್ಕಾ, ನೀವು ಹೇಳಿದ್ದಕ್ಕೆ ಸರಿಯಾಗಿ ಹೊಂದುವ ಒಂದು ಅಧ್ಯಯನ ಉಂಟು. ಏಮಿ ಎಡ್ಮಂಡ್‌ಸನ್ ಅಂತ ಹಾರ್ವರ್ಡಿನವ್ರು, 1990ರ ದಶಕದಲ್ಲಿ ಆಸ್ಪತ್ರೆ ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನ ನೋಡ್ತಿದ್ರು. ಒಳ್ಳೆ ಮುಖ್ಯಸ್ಥರು ಇರುವ ವಾರ್ಡಲ್ಲಿ ತಪ್ಪು ಕಮ್ಮಿ ಇರ್ಬಹುದು ಅಂತ ಅಂದಾಜು. ಲೆಕ್ಕ ಉಲ್ಟಾ ಬಂತು, ಅಂಥ ವಾರ್ಡಲ್ಲೇ ವರದಿಯಾದ ತಪ್ಪು ಹೆಚ್ಚು. ಹೋಗಿ ನೋಡಿದ್ರೆ ಅಲ್ಲಿಯವ್ರು ತಪ್ಪನ್ನ ಬಾಯಿಬಿಟ್ಟು ಹೇಳ್ತಿದ್ರು, ಉಳಿದ ಕಡೆ ಮುಚ್ಚಿಡ್ತಿದ್ರು. ನಿಮ್ಮ ಮ್ಯಾನೇಜ್‌ಮೆಂಟಿಗೆ ಈ ನಿಲ್ ರಿಜಿಸ್ಟರ್ ಬಗ್ಗೆ ಹೇಳುವಾಗ ಇದನ್ನ ಹೇಳಿ ತುಂಗಾತೀರ, ಉಪಯೋಗ ಆದೀತು.

ಮತ್ತೆ ಆ ಅಟೆಂಡರ್ ಹೇಗಿದ್ದಾರೆ? ಯಾರೂ ಕೇಳ್ಲಿಲ್ಲ.

ತುಂಗಾತೀರ:
ಕೇಳಿದ್ದಕ್ಕೆ ಥ್ಯಾಂಕ್ಸ್ ಸಿಸ್ಟರ್. ಚೆನ್ನಾಗಿಲ್ಲ. ನೈಟ್ ಡ್ಯೂಟಿ ಅಂದ್ರೆ ಕೈ ನಡುಗುತ್ತೆ ಅಂತಾರೆ, ನಿದ್ದೆ ಇಲ್ಲ. ಅವತ್ತು ತಲೆ ಚಚ್ಕೊಳ್ತಿದ್ದೋರನ್ನ ಹಿಡಿಯೋಕೆ ಹೋಗಿ ಇವ್ರ ಭುಜಕ್ಕೂ ಪೆಟ್ಟಾಗಿತ್ತು, ಅದನ್ನ ಯಾರೂ ಬರೆದೇ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂದೆ. "ನಾನೇ ಪೇಷಂಟ್ ನೋಡ್ಕೊಳ್ಳೋನು, ನಾನ್ ಹೆಂಗ್ ಮೇಡಂ ಫೋನ್ ಮಾಡ್ಲಿ" ಅಂದ್ರು. ಕೊನೆಗೆ ಪಕ್ಕದಲ್ಲಿ ಕೂತು ಮಾಡ್ಸಿದೆ.

ಅಪ್ಡೇಟ್ ಕೊಡ್ತೀನಿ. ಸೆಕ್ಷನ್ 97 ಪ್ರಿಂಟ್ ತೆಗೆದು, ಸಿಬ್ಬಂದಿ ಕೊರತೆ ಸಾಲಿಗೆ ಗೆರೆ ಎಳೆದು, ನಮ್ಮ ಇನ್‌ಚಾರ್ಜ್ ಹತ್ರ ಹೋಗಿದ್ದೆ. ಮೊದ್ಲು ಸಿಟ್ಟಾದ್ರು, ಆಮೇಲೆ ಓದಿದ್ರು, ಬಹಳ ಹೊತ್ತು ಓದಿದ್ರು. ಭಾನುವಾರದ ನೈಟ್‌ಗೆ ಎರಡನೇ ಅಟೆಂಡರ್ ವಾಪಸ್ ಬಂದಿದಾರೆ. ಆನ್‌ಕಾಲ್‌ಗೆ ಎರಡನೇ ಡಾಕ್ಟ್ರ ನಂಬರ್ ನರ್ಸಿಂಗ್ ಸ್ಟೇಷನ್ ಗೋಡೆ ಮೇಲೆ ಅಂಟಿಸಿದಾರೆ. ನಿವಾಸಿಯ ಅಣ್ಣನ್ನ ಕರೆಸಿ ಪೂರ್ತಿ ವಿಷ್ಯ ಹೇಳಿದ್ವಿ, ಅವ್ರು ಕೂಗಾಡಿದ್ರು, ಕೂಗಾಡೋ ಹಕ್ಕು ಅವ್ರಿಗಿದೆ. ಮಂಡಳಿಗೆ ಹೋಗೋ ವರದೀಲಿ ಸೇರಿಸ್ತೀವಿ ಅಂತ ಬಾಯಲ್ಲಿ ಒಪ್ಪಿದಾರೆ, ನೋಡ್ಬೇಕು. ಹ್ಯಾಂಡೋವರ್‌ನಲ್ಲಿ ಕುರ್ಚಿ ಹಾಕ್ಸಿದೀನಿ, ಇನ್ನೂ ಇಬ್ರು ನಿಂತೇ ಇರ್ತಾರೆ, ಕೂರೋಕೆ ಹೆದರ್ತಾರೆ.

ನೋಟಿಸ್ ಮಾತ್ರ ವಾಪಸ್ ತಗೊಳ್ಳಲ್ಲ ಅಂತಾರೆ. ಸರ್ವಿಸ್ ಫೈಲಲ್ಲಿ ಅದು ಹಾಗೇ ಕೂತಿದೆ. ಅದಕ್ಕೆ ಉತ್ತರ ಕೊಡೋಕೆ ಟೈಮ್ ಕೊಟ್ಟಿದಾರೆ, ಅವ್ರಿಗೆ ಏನ್ ಬರೀಬೇಕು ಗೊತ್ತಾಗ್ತಿಲ್ಲ, ತಪ್ಪಾಯ್ತು ಕ್ಷಮಿಸಿ ಅಂತ ಒಂದೇ ಸಾಲು ಬರೆದು ಇಟ್ಕೊಂಡಿದಾರೆ.

ಕಾನೂನು_ಓದು:
ಆ ಒಂದು ಸಾಲು ಕೊಡೋಕೆ ಬಿಡ್ಬೇಡಿ ಮೇಡಂ. ಕಟ್ಟಿದ್ದನ್ನ ಒಪ್ಪಿಕೊಳ್ಳಲಿ, ಸುಳ್ಳು ಬೇಡ. ಅದರ ಜೊತೆಗೇ ಅವತ್ತಿನ ಡ್ಯೂಟೀಲಿ ಎಷ್ಟು ಜನ ಇದ್ರು, ಡಾಕ್ಟ್ರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದ್ರು, ಇಂಥ ಪರಿಸ್ಥಿತಿಗೆ ತಮಗೆ ಯಾವ ತರಬೇತಿ ಕೊಟ್ಟಿದ್ರು, ತಮ್ಮ ಭುಜದ ಪೆಟ್ಟು, ಎಲ್ಲಾ ದಿನಾಂಕ ಸಮೇತ ಬರೀಲಿ. ರೋಸ್ಟರ್ ನಕಲು ಲಗತ್ತಿಸಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಸಹಿ ತಗೊಳ್ಳಿ.

ಹಳೇ_ವಾರ್ಡ್_ಸಿಸ್ಟರ್:
ಮತ್ತೆ ಆ ರಾತ್ರಿ ಡ್ಯೂಟೀಲಿದ್ದ ಸಿಸ್ಟರ್ ಕೂಡ ಅದೇ ಪತ್ರದ ಕೆಳಗೆ ಸಹಿ ಹಾಕ್ಲಿ. ಒಬ್ನೇ ನಿಂತ್ರೆ ಮುರೀತಾರೆ. ಅವ್ರು ಹೆದರಿದ್ರೆ ನನ್ನ ನಂಬರ್ ಕೊಡು, ನಾನು ಮಾತಾಡ್ತೀನಿ.

ತುಂಗಾತೀರ:
ಸಿಸ್ಟರ್ ಒಪ್ಪಿದಾರೆ. ನಾಳೆ ಡ್ಯೂಟಿ ಮುಗಿದ್ಮೇಲೆ ಮೂರೂ ಜನ ಕೂತು ಬರೀತೀವಿ. ಡ್ರಾಫ್ಟ್ ಆದ್ಮೇಲೆ ಹೆಸರು ತೆಗೆದು ಇಲ್ಲಿ ಹಾಕ್ತೀನಿ, ವಕೀಲ್ರು ಒಂದ್ಸಲ ನೋಡಿ.